ಅಕೇಶಿಯಾ ಕಡಿದ ಮೇಲೆ ಏನು?

ಮಾನ್ಯ ಸಂಪಾದಕರೇ,

ಮಲೆನಾಡಿನ ಬೋಳುಗುಡ್ಡಗಳನ್ನು ಹಸಿರಾಗಿಸಲೆಂದು ಆಸ್ಟ್ರೇಲಿಯಾ ಮೂಲದ ಅಕೇಶಿಯಾ ನೆಟ್ಟಿದ್ದಾಯಿತು. ಅದನ್ನು ಕಡಿದ ಜಾಗಕ್ಕೆ ಸಹಜ ಕಾಡು ಮರಳುವ ಬಗೆಯನ್ನು ಪಿಎಚ್‌ಡಿ ಸಂಶೋಧನೆಗಳು ಇನ್ನಷ್ಟು ಆಳವಾಗಿ ಅಭ್ಯಸಿಸಬೇಕಿದೆ. ಜಾಯಿಕಾಯಿ ಬಳಗದ ರಾಂಪತ್ರೆಯಂಥ ನಿತ್ಯಹರಿದ್ವರ್ಣ ಮರಗಳ ಬೀಜ ಒಣಗಿದರೆ ಮೊಳೆಯುವುದಿಲ್ಲವಾದ್ದರಿಂದ ಚೀಲದಲ್ಲಿ ಕೂಡಿಟ್ಟು ಮುಂದಿನ ವರ್ಷ ಬಿತ್ತುವಂತಿಲ್ಲ. ಕೆಂಪು ಪತ್ರೆ (ಬೀಜದ ಮೇಲಿನ ತಿರುಳಿನಂಥ ಹೊದಿಕೆ) ಸುತ್ತಿಕೊಂಡ ಆ ದಪ್ಪ ಬೀಜವನ್ನು ನುಂಗಿ ದೂರ ಸಾಗಿಸಲು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳೇ ಬೇಕು. ಹಕ್ಕಿಗಳು ಬಾರದ ನೆಡುತೋಪನ್ನು (ಕಡತದಲ್ಲಿ ಸಸಿಗಳ ಲೆಕ್ಕ ಎಷ್ಟೇ ಚೆನ್ನಾಗಿರಲಿ) ಕಾಡೆನ್ನಲಾಗದು. ಸಹಜ ಕಾಡು ಮರಳುತ್ತಿದೆಯೇ ಎಂದು ಅಳೆಯಲು ಒಂದು ಫೆಲೋಶಿಪ್ಪಿನ ಅವಧಿ ಸಾಲದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಅರಣ್ಯ ಇಲಾಖೆಯೂ ಸೇರಿ ಕೆಲವು ತಾಕುಗಳನ್ನು ಕಾಯ್ದಿರಿಸಿ, ಒಬ್ಬ ಸಂಶೋಧಕರು ಗುರುತು ಹಾಕಿದ ಸಸಿಗಳನ್ನು ಮುಂದೆ ಬರುವವರೂ ಅಳೆಯುವಂತೆ ಏರ್ಪಾಡು ಮಾಡಲಿ.

– ಒಬ್ಬ ಓದುಗ, ತೀರ್ಥಹಳ್ಳಿ