ಎಕ್ಸ್‌ಟೆಂಡೆಡ್ ವಾರಂಟಿ: ಹಣ ಕಟ್ಟುವ ಮೊದಲೇ ಷರತ್ತು ತೋರಿಸಲಿ

ಮಾನ್ಯ ಸಂಪಾದಕರೇ,

ಟಿ.ವಿ., ಫ್ರಿಜ್, ವಾಷಿಂಗ್ ಮೆಷಿನ್ ಕೊಳ್ಳುವವರಿಗೆ ಬಿಲ್ ಹಾಕಿಸುವ ಹೊತ್ತಿಗೆ ‘ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ಅಂದರೆ ಕಂಪನಿಯ ಮೂಲ ವಾರಂಟಿಯ ಮೇಲೆ ಹಣ ಕೊಟ್ಟು ಪಡೆಯುವ ಹೆಚ್ಚುವರಿ ವಾರಂಟಿ. ಎಷ್ಟು ವರ್ಷ, ಎಷ್ಟು ಹಣ ಎಂದಷ್ಟೇ ಹೇಳುತ್ತಾರೆ. ಯಾವ ಬಿಡಿಭಾಗಕ್ಕೆ ಅನ್ವಯ ಎಂಬ ಪಟ್ಟಿ ಎಷ್ಟೋ ಸಲ ಹಣ ಕಟ್ಟಿದ ಮೇಲೆ ಕೈಗೆ ಬರುತ್ತದೆ. ಇದು ಅನ್ಯಾಯ. ಷರತ್ತಿನ ಪೂರ್ಣ ಪ್ರತಿಯನ್ನು ಮೊದಲೇ ಕೊಡುವುದು ಕಡ್ಡಾಯವಾಗಬೇಕು.

ತಯಾರಿಕೆಯಲ್ಲೇ ದೋಷವಿದ್ದರೆ ಉಪಕರಣ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ಕೈಕೊಡುತ್ತದೆ. ಕಂಪನಿಯ ಮೂಲ ವಾರಂಟಿಯಲ್ಲಿ ಸರಿಹೋಗುತ್ತದೆ. ಆ ಹಂತ ದಾಟಿದ್ದು ಸವೆತ ಶುರುವಾಗುವವರೆಗೆ ಅಷ್ಟಾಗಿ ತೊಂದರೆ ಕೊಡದು. ಹೆಚ್ಚುವರಿ ವಾರಂಟಿಯ ಅವಧಿ ಬಹುಪಾಲು ಕಳೆಯುವುದು ಈ ನಡುವಿನ ವರ್ಷಗಳಲ್ಲೇ.

ಆಗ ಕೆಡುವುದಾದರೂ ಏನು? ವಾಷಿಂಗ್ ಮೆಷಿನ್‌ನ ಡ್ರೇನ್ ಪಂಪ್, ಮೈಕ್ರೊವೇವ್‌ನ ಫ್ಯೂಸ್ ಅಥವಾ ಡೋರ್ ಸ್ವಿಚ್, ಫ್ರಿಜ್ ಬಾಗಿಲಿನ ಗ್ಯಾಸ್ಕೆಟ್ (ಅಂಚಿನ ರಬ್ಬರ್ ಪಟ್ಟಿ). ಟಿ.ವಿ. ಆನ್ ಆಗದಿದ್ದರೆ ಪವರ್ ಬೋರ್ಡ್‌ನಲ್ಲಿ ತಲೆ ಉಬ್ಬಿದ ಒಂದು ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟು ಬಿಡುವ ಪುಟ್ಟ ಬಿಡಿಭಾಗ) ಕಾರಣವಾಗಿರಬಹುದು. ಅಷ್ಟೇ ಮೈಕ್ರೊಫ್ಯಾರಡ್‌ನ, ಅಷ್ಟೇ ಅಥವಾ ತುಸು ಹೆಚ್ಚು ವೋಲ್ಟೇಜ್‌ನ, 105 ಡಿಗ್ರಿ ಸೆಲ್ಸಿಯಸ್ ತಾಳುವ ಕೆಪಾಸಿಟರನ್ನು ತಂತ್ರಜ್ಞರು ಬೆಸುಗೆ ಹಾಕಿಕೊಟ್ಟರೆ ಕೆಲಸ ಮುಗಿಯಿತು. ಇಂಥ ರಿಪೇರಿಗಳಿಗಾಗಿ ಮುಂಗಡ ಹಣ ಕಟ್ಟಬೇಕಿಲ್ಲ. ಗ್ಯಾಸ್ಕೆಟ್, ಫಿಲ್ಟರ್, ರಿಮೋಟ್‌ಗಳನ್ನಂತೂ ಅನೇಕ ಪ್ಲಾನ್‌ಗಳು ಹೊರಗಿಡುತ್ತವೆ. ವೋಲ್ಟೇಜ್ ಏರುಪೇರು, ತುಕ್ಕು, ಇಲಿ ಕಡಿದ ವೈರ್, ಒಡೆದ ಪರದೆಯೂ ಹಾಗೆಯೇ.

ಕೊಳ್ಳಲೇಬಾರದು ಎನ್ನುತ್ತಿಲ್ಲ. ದೊಡ್ಡ ಟಿ.ವಿ.ಯ ಪ್ಯಾನೆಲ್ ಹೋದರೆ ಬದಲಿಸುವ ಖರ್ಚು ಹೊಸ ಟಿ.ವಿ.ಯ ಬೆಲೆಯ ಹತ್ತಿರಕ್ಕೆ ಹೋಗಬಹುದು. ಇನ್ವರ್ಟರ್ ಎ.ಸಿ.ಯ ಪಿ.ಸಿ.ಬಿ. (ಸರ್ಕ್ಯೂಟ್ ಬೋರ್ಡ್) ಕೂಡ ದುಬಾರಿ. ಈ ಎರಡರ ಹೆಸರು ಪಟ್ಟಿಯಲ್ಲಿ ಸ್ಪಷ್ಟವಾಗಿದ್ದರೆ ಯೋಚಿಸಬಹುದು. ಫ್ರಿಜ್, ಎ.ಸಿ.ಯ ಕಂಪ್ರೆಸರ್‌ಗೆ ಎಷ್ಟೋ ಕಂಪನಿಗಳು ತಾವಾಗಿಯೇ 10 ವರ್ಷದ ವಾರಂಟಿ ಕೊಡುತ್ತವೆ. ಆದರೆ ಅದು ಸಾಮಾನ್ಯವಾಗಿ ಬಿಡಿಭಾಗಕ್ಕೆ ಮಾತ್ರ. ಗ್ಯಾಸ್, ಕೂಲಿ ನಮ್ಮದೇ. ಹೆಚ್ಚುವರಿ ಪ್ಲಾನ್ ಇವೆರಡನ್ನು ಭರಿಸದಿದ್ದರೆ ಕಂಪ್ರೆಸರ್ ಹೆಸರಿನಲ್ಲಿ ಮತ್ತೆ ಹಣ ಕೊಟ್ಟಂತಾಗುತ್ತದೆ.

ಅವಧಿ ಖರೀದಿಯ ದಿನದಿಂದಲೋ, ಮೂಲ ವಾರಂಟಿ ಮುಗಿದ ಮರುದಿನದಿಂದಲೋ ಎಂದು ಕೇಳಿ. ಖರೀದಿಯ ದಿನದಿಂದಲೇ ಎಂದರೆ ಮೊದಲ ವರ್ಷದ ಹಣ ದಂಡ. ರಿಪೇರಿ ಸಾಧ್ಯವಾಗದಿದ್ದರೆ ಪೂರ್ತಿ ಬೆಲೆ ಕೊಡುತ್ತಾರೋ, ಸವಕಳಿ ಕಳೆದು ಕೊಡುತ್ತಾರೋ ಎಂಬುದೂ ಬರಹದಲ್ಲಿರಲಿ.

ಬಿಲ್‌ನಲ್ಲಿರುವ ಸೀರಿಯಲ್ ನಂಬರ್ ಉಪಕರಣದ ಮೇಲಿನ ಸ್ಟಿಕ್ಕರ್‌ಗೆ ತಾಳೆಯಾಗುತ್ತದೆಯೇ ನೋಡಿ. ಒಂದಂಕಿ ತಪ್ಪಿದರೂ ಕ್ಲೇಮ್ ನಿಲ್ಲಬಹುದು. ಥರ್ಮಲ್ ಕಾಗದದ ಬಿಲ್ ಬಿಸಿಗೆ, ಬೆಳಕಿಗೆ ಮಾಸುತ್ತದೆ. ಅದೇ ದಿನ ಜೆರಾಕ್ಸ್ ಮಾಡಿಸಿಡಿ.

– ಗೃಹೋಪಕರಣ ದುರಸ್ತಿ ತಂತ್ರಜ್ಞರು