ಕಪ್ಪೆ ಮೊಟ್ಟೆ ನೀರಲ್ಲೇ ಇರಬೇಕೆಂದಿಲ್ಲ

ಮಾನ್ಯರೇ,

ಮಳೆಗಾಲಕ್ಕೆ ಮುನ್ನ ತೋಟದ ಕೆರೆಯಂಚಿನ ಗಿಡಗಳನ್ನು ಸವರಿ 'ಚೊಕ್ಕಟ' ಮಾಡುವ ರೂಢಿ ಮೂಡಿಗೆರೆ, ಸಕಲೇಶಪುರದ ಕಡೆ ಇದೆ. ಮಲಬಾರ್ ಹಾರುವ ಕಪ್ಪೆಗೆ ಬೇಕಾಗಿರುವುದು ಆ ಎಲೆಗಳೇ. ಅದು ತಾನು ಸ್ರವಿಸಿದ ಲೋಳೆಯನ್ನು ಹಿಂಗಾಲುಗಳಿಂದ ಕಡೆದು ನೊರೆಗೂಡು ಮಾಡಿ ಅದರೊಳಗೆ ಮೊಟ್ಟೆ ಇಡುತ್ತದೆ. ಹೊರಪದರ ಒಣಗಿದರೂ ಒಳಗೆ ತೇವ ಉಳಿಯುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಕೊಂಬೆ ಕಡಿದು ದಡಕ್ಕೆಸೆದರೆ ಅವು ಬೀಳುವುದು ಒಣನೆಲಕ್ಕೆ, ಅಲ್ಲಿಗೆ ಮುಗಿಯಿತು.

ಎಲ್ಲವೂ ಹೀಗಲ್ಲ. ನೆಲಗಪ್ಪೆಯ ಮೊಟ್ಟೆಗಳು ನಿಂತ ನೀರಲ್ಲಿ ಉದ್ದನೆಯ ಲೋಳೆದಾರ. ಪೊದೆಗಪ್ಪೆಗಳಿಗೆ ಗೊದಮೊಟ್ಟೆ ಹಂತವೇ ಇಲ್ಲ. ಮೊಟ್ಟೆಯಿಂದ ನೇರ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಅವಕ್ಕೆ ಕೆರೆ ಬೇಡ, ತರಗೆಲೆಯ ತೇವ ಸಾಕು. ಹಾಗಾಗಿ ದರಗು ಗುಡಿಸಿ ಸುಡಬೇಡಿ.

ನಮ್ಮ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ, 1937ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾವ್ ಗುರುತಿಸಿದ ಕುಣಿಯುವ ಕಪ್ಪೆಯ ಪಾಡು ಬೇರೆ. ಗಂಡು ಹಿಂಗಾಲು ಚಾಚಿ ಸನ್ನೆ ಮಾಡುತ್ತದೆ. ಹೆಣ್ಣು ಹಳ್ಳದ ತಳದಲ್ಲಿ ಮೊಟ್ಟೆಯಿಟ್ಟು ಹಿಂಗಾಲಿನಿಂದಲೇ ಮರಳು, ಜಲ್ಲಿ ಮುಚ್ಚುತ್ತದೆ. ಮಳೆ ಇಳಿದ ಮೇಲೆ ಹಳ್ಳದಲ್ಲಿ ಮರಳು ಬಾಚಿದರೆ ಮೊಟ್ಟೆಯೂ ಬುಟ್ಟಿಗೆ ಬಂತು.

ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದಂತೂ ಕೂಡದು. ಅದರಲ್ಲಿರುವ ಮೈಲುತುತ್ತದ ತಾಮ್ರ ಗೊದಮೊಟ್ಟೆಗಳಿಗೆ ವಿಷ. ತೊಳೆದ ನೀರನ್ನು ನೀರಿನಾಸರೆಯಿಂದ ದೂರದ ಗುಂಡಿಗೆ ಸುರಿಯಿರಿ.

– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು