ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಸಿಕ್ಕ ಮೇಡಂ ಅವರಿಗೆ

ಮಂಡ್ಯದಲ್ಲಿ ರೈಲು ಹತ್ತಿದ ನಮಗೆ ನೀವು ಸರಿದು ಕೂತು ಜಾಗ ಕೊಟ್ಟಿರಿ. ತಮ್ಮನ ಕೈಲಿದ್ದ ಫೈಲ್ ನೋಡಿ, "ಲಿಂಫೋಮಾನಾ?" ಅಂತ ಮೆಲ್ಲಗೆ ಕೇಳಿದಿರಿ. ಹೌದು, ತಮ್ಮನಿಗೆ ಆ ರಕ್ತದ ಕ್ಯಾನ್ಸರೇ; ಕೀಮೋ ಮುಗಿದ ಮೇಲೂ ರೋಗ ಮರಳಿತ್ತು. ಡಾಕ್ಟರು ಕಾರ್-ಟಿ ಚಿಕಿತ್ಸೆ ಅಂದಿದ್ದರು. ನಮಗೆ ತಲೆಬುಡ ತಿಳಿದಿರಲಿಲ್ಲ.

ಬಿಲ್ಲಿನ ಹಿಂಬದಿ ನೀವು ಬರೆದ ಚಿತ್ರ ಇನ್ನೂ ಫೈಲಿನಲ್ಲಿದೆ. ಗುಂಡಗಿನ ಟಿ ಕೋಶ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ), ಅದರ ಮೈಮೇಲೆ ಸಣ್ಣ ಕೊಕ್ಕೆ. ರೋಗಿಯ ರಕ್ತದಿಂದಲೇ ಆ ಕೋಶ ತೆಗೆದು, ಲ್ಯಾಬಿನಲ್ಲಿ ಹೊಸ ಜೀನ್ ಸೇರಿಸಿ, ಬೆಳೆಸಿ, ವಾಪಸ್ ಮೈಗೆ ಬಿಡುತ್ತಾರೆ. ಕೊಕ್ಕೆ ಮೈಮೇಲೆ ಸಿಡಿ19 ಎಂಬ ಗುರುತಿರುವ ಕ್ಯಾನ್ಸರ್ ಕೋಶಗಳನ್ನು ಹಿಡಿಯುತ್ತದೆ, ಅದೇ ಗುರುತು ಇರುವ ಒಳ್ಳೆಯ ಬಿ ಕೋಶಗಳೂ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಹೋಗುತ್ತವೆ ಎಂದಿರಿ. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್‌ನವರು ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿದ್ದೂ ನಿಮ್ಮಿಂದಲೇ ತಿಳಿಯಿತು. ಎಲ್ಲರಿಗೂ ಗುಣವಾಗಲ್ಲ ಅಂತಲೂ ಮುಚ್ಚಿಡದೆ ಹೇಳಿದಿರಿ. ಅದಕ್ಕೇ ನಿಮ್ಮ ಮೇಲೆ ಗೌರವ ಜಾಸ್ತಿ.

"ಚಿಕಿತ್ಸೆ ಆದಮೇಲೆ ಜ್ವರ ಬರಬಹುದು, ಮಾತು ತೊದಲಬಹುದು. ಕಾಯಬೇಡಿ, ನರ್ಸಿಗೆ ಹೇಳಿ" ಅಂದಿದ್ದಿರಿ. ಆಸ್ಪತ್ರೆಯಲ್ಲಿ ನಡುರಾತ್ರಿ ತಮ್ಮನಿಗೆ ಜ್ವರ ಏರಿದಾಗ ಅಮ್ಮ ಒದ್ದೆ ಬಟ್ಟೆ ಹಾಕುತ್ತಾ ಕೂರಲಿಲ್ಲ, ಓಡಿ ಕರೆದರು. ತಮ್ಮ ಈಗ ಮನೆಯಲ್ಲಿದ್ದಾನೆ, ಚೆಕಪ್ ನಡೆಯುತ್ತಿದೆ.

ಹೆಸರು ಕೇಳುವಷ್ಟರಲ್ಲಿ ನೀವು ಕೆಂಗೇರಿಯಲ್ಲಿ ಇಳಿದಿರಿ. ತುಂಬಾ ಉಪಕಾರವಾಯಿತು ಮೇಡಂ. ಮಂಡ್ಯ ಕಡೆ ಬಂದರೆ ನಮ್ಮ ಮನೆಗೆ ಊಟಕ್ಕೆ ಬರಲೇಬೇಕು.